ಸೆಟ್ ತೀರ್ಥಪ್ಪ ಬರೆಸಿದ ವಂಶವೃಕ್ಷ

ಕಡೂರಿನ ತಾಲ್ಲೂಕು ಕಚೇರಿ ಎದುರು ಅರ್ಜಿ ಟೈಪ್ ಮಾಡಿಕೊಡುವ ನನಗೆ ಇಪ್ಪತ್ತು ವರ್ಷದಿಂದ ದಲ್ಲಾಳಿ ತೀರ್ಥಪ್ಪನ ಮುಖ ನೋಡುವ ಕರ್ಮ. ಬಿಳಿ ಅಂಗಿ, ಕಂಕುಳಲ್ಲಿ ಪ್ಲಾಸ್ಟಿಕ್ ಕವರು, ಬಾಯಲ್ಲಿ ಒಂದೇ ಒಂದು ಇಂಗ್ಲಿಷ್ ಪದ: ಸೆಟ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಆ ಒಂದು ಪದದಲ್ಲೇ ಸಂಸಾರ ನಡೆಸಿದ. ಗುಮಾಸ್ತ ಒಪ್ಪಿದರೆ ಸೆಟ್. ಬೀರೂರಿನ ಹುಡುಗಿಗೆ ಸಖರಾಯಪಟ್ಟಣದ ಗಂಡು ಗೊತ್ತಾದರೆ ಸೆಟ್. ಹಸಿವಾದರೆ ಸೆಟ್ ದೋಸೆ, ಹೊಸದಾಗಿ ಕಟ್ಟಿಸಿಕೊಂಡ ಹಲ್ಲೂ ಸೆಟ್ಟೇ. "ಮೋಡ ಸೆಟ್ ಆಗೈತೆ ಕಣ್ರೀ, ಸಂಜೆಗೆ ಮಳೆ" ಎಂದು ಆಕಾಶಕ್ಕೂ ಹಚ್ಚುತ್ತಿದ್ದ. ಅವನನ್ನು ಪ್ರಶ್ನೆ ಮಾಡಿದವರು ಮಾತ್ರ "ಸೆಟ್ ಆಗಲ್ಲ". ಇಂಥ ಪಂಡಿತನನ್ನು ಜನ ಕೈಮುಗಿದು ಹುಡುಕಿಕೊಂಡು ಬರುತ್ತಿದ್ದರು. ನನಗೆ ಅವನಿಗಿಂತ ಆ ಜನರ ಮೇಲೇ ಹೆಚ್ಚು ಸಿಟ್ಟು.

ಅವನ ಮುಖ್ಯ ಕಸುಬು ವಂಶವೃಕ್ಷ ಮಾಡಿಸುವುದು. ಜಮೀನಿನ ಯಜಮಾನ ತೀರಿಕೊಂಡರೆ ಖಾತೆ ಬದಲಾಯಿಸಲು ವಾರಸುದಾರರ ಹೆಸರಿರುವ ಆ ಕಾಗದ ಬೇಕು. ತೀರ್ಥಪ್ಪನ ಬಳಿ ಇದ್ದದ್ದು ಒಂದೇ ನಮೂನೆ: ಸತ್ತವರ ಹೆಸರು, ಗಂಡುಮಕ್ಕಳ ಹೆಸರು, ಕೊನೆಗೆ "ಇವರನ್ನು ಬಿಟ್ಟು ಬೇರೆ ವಾರಸುದಾರರಿಲ್ಲ". ಹೆಣ್ಣುಮಕ್ಕಳಿಗೆ ಅದರಲ್ಲಿ ಜಾಗವೇ ಇಲ್ಲ. ಯಾಕಯ್ಯಾ ಎಂದು ನಾನೊಮ್ಮೆ ಕೇಳಿದ್ದೆ.

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರಲ್ಲ ಸ್ವಾಮಿ. ಅವ್ರನ್ನೂ ತುಂಬಿದ್ರೆ ಸಹಿಗೆ ಊರೂರು ಅಲೀಬೇಕು. ಇದು ಸೆಟ್ ಆಗಿರೋ ನಮೂನೆ" ಎಂದ. ನಾಚಿಕೆಗೆಟ್ಟವನು.

ಹೋದ ವರ್ಷ ಹಿರೇನಲ್ಲೂರಿನಲ್ಲಿ ಅವನ ಮಾವ ತೀರಿಕೊಂಡರು. ಭಾವಮೈದ ಬಸವೇಶ್ ಬಂದು, ವಂಶವೃಕ್ಷ ಆಗಬೇಕಲ್ಲ ಭಾವ ಎಂದ. ತೀರ್ಥಪ್ಪ ಅದೇ ನಮೂನೆಗೆ ಮಾವನ ಹೆಸರು, ಬಸವೇಶನ ಹೆಸರು ತುಂಬಿಸಿ, ಸಾಕ್ಷಿಯ ಜಾಗದಲ್ಲಿ ತಾನೇ ಸಹಿ ಹಾಕಿ ಕೊಟ್ಟ. ಒಂದು ಸಾರಿಯಾದರೂ ಓದಿ ನೋಡಲಿಲ್ಲ. ಆ ಮಾವನಿಗೆ ಒಬ್ಬಳೇ ಮಗಳು, ಇವನ ಹೆಂಡತಿ ವಿಮಲಮ್ಮ. ಅಪ್ಪನ ತೆಂಗಿನ ತೋಟದಲ್ಲಿ ತನಗೂ ಪಾಲು ಬರುತ್ತದೆಂದು ಆಕೆ ಕಾದಿದ್ದರು.

ಪಾಲು ಕೇಳಲು ಹೋದಾಗ ಬಸವೇಶ್ ಆ ಕಾಗದದ ನಕಲನ್ನೇ ಕೈಗಿಟ್ಟ. "ಭಾವನೇ ಬರ್ಸಿ ಸಹಿ ಹಾಕವ್ರೆ ಕಣಕ್ಕ. ನನ್ನನ್ಯಾಕೆ ಕೇಳ್ತೀಯ?"

ಮಾರನೆಯ ಬೆಳಿಗ್ಗೆ ವಿಮಲಮ್ಮ ನನ್ನ ಮೇಜಿನ ಮುಂದೆ ಕೂತಿದ್ದರು. ತಕರಾರು ಅರ್ಜಿ ಕೊಡಲು ಇನ್ನು ಮೂರೇ ದಿನವಿತ್ತು. ಅದು ತಪ್ಪಿದರೆ ತೋಟವೆಲ್ಲ ಬಸವೇಶನ ಖಾತೆಗೆ. ಹಿಂದೆಯೇ ತೀರ್ಥಪ್ಪ ಏದುಸಿರು ಬಿಡುತ್ತಾ ಬಂದ.

"ಏಳೇ, ಮನೆ ಮಾತು ಬೀದೀಲಿ ಬೇಡ. ಬಸವೇಶನ ಹತ್ರ ನಾನು ಸೆಟ್ ಮಾಡ್ತೀನಿ."

"ನಮ್ಮಪ್ಪನಿಗೆ ನಾನು ಹುಟ್ಟೇ ಇಲ್ಲ ಅಂತ ಬರ್ಸಿದೀರಿ. ಇನ್ನೇನು ಮಾಡ್ತೀರಿ?"

ಅವನು ನನ್ನತ್ತ ತಿರುಗಿ ಹಲ್ಲುಗಿಂಜಿದ. ಅಷ್ಟು ಹೇಸಿಗೆ ನನಗೆ ಯಾವತ್ತೂ ಆಗಿರಲಿಲ್ಲ. ಕಾಗದ ಸರಿಮಾಡಿಕೊಂಡು, ಸುಳ್ಳು ಸಾಕ್ಷಿ ಹಾಕಿದವರ ಹೆಸರೇನು ಎಂದು ಅರ್ಜಿಯ ರೂಢಿಯಂತೆ ವಿಮಲಮ್ಮನವರನ್ನು ಕೇಳಿದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಗಂಡನ ಹೆಸರು ಬಾಯಲ್ಲಿ ಹೇಳುವ ಹೆಂಗಸಲ್ಲ ಆಕೆ; ರೇಷನ್ ಅಂಗಡಿಯಲ್ಲೂ ಕಾರ್ಡು ತೋರಿಸಿ ಸುಮ್ಮನಾಗುವವರು.

ವಿಮಲಮ್ಮ ಗಂಡನ ಮುಖವನ್ನೇ ನೋಡುತ್ತಾ, ಕಚೇರಿ ಮುಂದಿನ ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು.

"ತೀರ್ಥಪ್ಪ. ಪಕ್ಕದಲ್ಲಿ ಗಂಡ ಅಂತ್ಲೂ ಬರೀರಿ, ಬಿಟ್ಬಿಡ್ಬೇಡಿ."