ಓಣಂಗೆ ಹೊಲಿದ ಹನ್ನೊಂದು ಹಸಿರು ರವಿಕೆ

1989ರಲ್ಲಿ, ಎಂಟನೇ ತರಗತಿಯ ನಡುವೆ, ನಾನು ಶಾಲೆ ಬಿಟ್ಟೆ. ಮನೆಯವರು ಬಿಡಿಸಿದರು ಎಂದು ಬರೆದರೆ ಓದುವವರಿಗೆ ಕನಿಕರ ಬಂದೀತು, ಆದರೆ ಬಿಟ್ಟದ್ದು ನಾನೇ. ಗಣಿತ ನನಗೆ ಹಿಡಿಸುತ್ತಿರಲಿಲ್ಲ. ಆಮೇಲೆ ಜೀವಮಾನವಿಡೀ ಇಂಚು, ಅರ್ಧ ಇಂಚು, ಕಾಲು ಇಂಚಿನ ಲೆಕ್ಕದಲ್ಲೇ ಬದುಕಿದೆ. ಹೊಸಂಗಡಿಯಲ್ಲಿ ಹೊಲಿಗೆ ಕೆಲಸ ಕಲಿತು, ಕೇರಳದ ಗಡಿಯೊಳಗಿನ ವರ್ಕಾಡಿಯ ನಮ್ಮ ಜಂಕ್ಷನ್‌ನಲ್ಲಿ, ಬಸ್ಸು ತಿರುಗುವ ಜಾಗದ ಎದುರು, ಸ್ವಂತ ಅಂಗಡಿ ಇಟ್ಟೆ. ಬೋರ್ಡಿನಲ್ಲಿ ಹೆಸರು ಬೇರೆ ಉಂಟು, ಜನ ಹೇಳುವುದು ‘ಐತಪ್ಪಣ್ಣನ ಅಂಗಡಿ’ ಎಂದೇ.

ನಾನೀಗ ಹೇಳಹೊರಟದ್ದು 2023ರ ಓಣಂ ಸಮಯದ ಸಂಗತಿ. ಅದಕ್ಕೆ ಮೊದಲು ನಮ್ಮ ಕೆಲಸದ ಒಂದು ಪದ್ಧತಿಯನ್ನು ತಿಳಿಸಬೇಕು. ಗಂಡಸು ಟೈಲರ್ ಹೆಂಗಸರ ಮೈಗೆ ಟೇಪು ಹಿಡಿಯುವುದಿಲ್ಲ. ಅವರು ತಮಗೆ ಸರಿಯಾಗಿ ಕೂರುವ ಒಂದು ಹಳೆಯ ರವಿಕೆಯನ್ನು ಕವರಿನಲ್ಲಿ ಸುತ್ತಿ ತರುತ್ತಾರೆ, ಮೇಜಿನ ಮೇಲೆ ಇಡುತ್ತಾರೆ. ಅದಕ್ಕೆ ಅಳತೆ ರವಿಕೆ ಎನ್ನುತ್ತೇವೆ. ನಾವು ಟೇಪು ಹಿಡಿಯುವುದು ಆ ರವಿಕೆಗೆ. ‘ಸ್ವಲ್ಪ ಲೂಸ್ ಇರಲಿ’ ಅಥವಾ ‘ಹೋದ ಸಲದ ಹಾಗೆಯೇ’ ಎಂದರೆ ಮಾತು ಮುಗಿಯಿತು. ಉಳಿದದ್ದು ಟೈಲರನ ಕಣ್ಣಿನ ಕೆಲಸ.

ನನ್ನ ಕಣ್ಣಿನ ಬಗ್ಗೆ ನನಗೆ ಜಂಬ ಇತ್ತು, ಈಗಲೂ ಉಂಟು. ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಯಾರಿಗೆ ಯಾವುದು ಒಪ್ಪುತ್ತದೆ ಎಂದು ನನಗೆ ಗೊತ್ತಾಗುತ್ತದೆ. ಕುತ್ತಿಗೆ ಗಿಡ್ಡ ಇದ್ದವರಿಗೆ ಬೋಟ್ ನೆಕ್, ಅಂದರೆ ಭುಜದಿಂದ ಭುಜಕ್ಕೆ ಅಡ್ಡ ಹೋಗುವ ಕತ್ತು, ಆಗುವುದಿಲ್ಲ. ಎದುರು ಸ್ವಲ್ಪ ಇಳಿದ ವಿ ಆಕಾರ ಬೇಕು. ತೋಳು ದಪ್ಪ ಇದ್ದವರಿಗೆ ಪಫ್, ಅಂದರೆ ನೆರಿಗೆ ಹಿಡಿದು ಉಬ್ಬಿಸಿದ ತೋಳು, ಇಟ್ಟರೆ ಮತ್ತೂ ದಪ್ಪ ಕಾಣುತ್ತದೆ. ಮೊಣಕೈವರೆಗೆ ನೇರ ತೋಳು ಇಳಿಸಬೇಕು. ಎತ್ತರ ಕಡಿಮೆಯಾದರೆ ಸೀರೆಯ ಅಂಚು ಸಪೂರ ಇರಬೇಕು. ಹೊಟ್ಟೆ ಮುಂದೆ ಇದ್ದವರ ಚೂಡಿದಾರಿಗೆ ಸೊಂಟದಲ್ಲಿ ಪಟ್ಟಿ ಕೊಡಬಾರದು, ಎದೆಯಿಂದ ಕೆಳಗೆ ಅಗಲವಾಗುತ್ತ ಹೋಗುವ ಕಟ್ಟಿಂಗ್ ಕೊಡಬೇಕು. ಇದೆಲ್ಲ ನನಗೆ ಯಾರೂ ಪುಸ್ತಕ ಕೊಟ್ಟು ಕಲಿಸಿದ್ದಲ್ಲ. ಆದರೆ ‘ನಿಮ್ಮ ತೋಳು ದಪ್ಪ, ಪಫ್ ಬೇಡ’ ಎಂದು ಒಬ್ಬ ಗಂಡಸು ಟೈಲರ್ ಟೀಚರಮ್ಮನ ಮುಖ ನೋಡಿ ಹೇಳಲಿಕ್ಕುಂಟೇ? ಹೇಳಿದರೆ ಮರುದಿನ ಬಾಗಿಲು ಹಾಕಬೇಕಾದೀತು. ಆದ್ದರಿಂದ ಗೊತ್ತಿದ್ದೂ ಸುಮ್ಮನಿದ್ದು, ಕೇಳಿದ್ದನ್ನು ಹೊಲಿದುಕೊಟ್ಟೆ.

2022ರಲ್ಲಿ ರಸ್ತೆಯ ಆಚೆ ಬದಿ ಶೈಲಜ ಬಂದಳು. ಮೀಂಜದ ಕಡೆಯಿಂದ ನಮ್ಮೂರಿಗೆ ಮದುವೆಯಾಗಿ ಬಂದವಳು, ಮಂಗಳೂರಿನಲ್ಲಿ ಫ್ಯಾಷನ್ ಡಿಸೈನಿಂಗ್ ಡಿಪ್ಲೊಮಾ ಮಾಡಿದವಳು. ಬೋರ್ಡು ಮೂರು ಭಾಷೆಯಲ್ಲಿ. ಒಳಗೆ ಆಳೆತ್ತರದ ಕನ್ನಡಿ, ಪರದೆ ಕಟ್ಟಿದ ಮೂಲೆ. ಆಕೆ ಅಳತೆ ರವಿಕೆ ಕೇಳುತ್ತಿರಲಿಲ್ಲ, ಮೈಗೇ ಟೇಪು ಹಿಡಿದು ಹದಿನಾಲ್ಕು ಕಡೆ ಅಳೆಯುತ್ತಿದ್ದಳು. ಗೋಡೆಯಲ್ಲಿ ಹೆಂಗಸರ ಮೈಕಟ್ಟಿನ ಚಿತ್ರಗಳು: ಒಂದು ಆ್ಯಪಲ್ ಅಂತೆ, ಒಂದು ಪಿಯರ್ ಅಂತೆ.

‘ಅವಳು ಇಟ್ಟದ್ದು ಬಟ್ಟೆ ಅಂಗಡಿಯಾ, ಹಣ್ಣಿನ ಅಂಗಡಿಯಾ?’ ಎಂದು ನಾನು ಬಂದವರಲ್ಲೆಲ್ಲ ಕೇಳಿದೆ. ನಕ್ಕರು. ನಕ್ಕವರಲ್ಲಿ ಕೆಲವರು ಮುಂದಿನ ವಾರ ಅಲ್ಲಿದ್ದರು.

ನನಗೆ ಹೊಟ್ಟೆ ಉರಿದದ್ದು ಆಕೆ ಗಿರಾಕಿಗಳನ್ನು ಎಳೆದುಕೊಂಡಳು ಎಂದಷ್ಟೇ ಅಲ್ಲ. ನಾನು ಎಷ್ಟೋ ವರ್ಷ ಬಾಯಿ ಬಿಡದೆ ನುಂಗಿಕೊಂಡದ್ದನ್ನು ಆಕೆ ನಗುತ್ತ ಹೇಳುತ್ತಿದ್ದಳು. ‘ಅಕ್ಕ, ನಿಮ್ಮ ಭುಜಕ್ಕೆ ಇದು ಬೇಡ, ಇದು ಹಾಕಿ ನೋಡಿ.’ ಅವರು ‘ಹೌದಾ ಶೈಲ?’ ಎಂದು ಕನ್ನಡಿ ನೋಡುತ್ತಿದ್ದರು. ನನ್ನ ಕಣ್ಣು ಕಂಡದ್ದನ್ನೇ ಆಕೆಯ ಬಾಯಿ ಹೇಳಿ ಹೆಸರು ಮಾಡುತ್ತಿತ್ತು. ಮಿಷನ್ ತುಳಿಯುತ್ತಲೇ ಆಚೆ ಮೆಟ್ಟಿಲು ಹತ್ತಿದವರನ್ನು ಎಣಿಸುತ್ತಿದ್ದೆ. ನನ್ನ ಹೆಂಡತಿ ಲಲಿತ, ಹುಕ್ಕು ಹಾಕುವುದು, ಕೈಹೊಲಿಗೆ ಎಲ್ಲ ಅವಳದ್ದೇ, ಒಮ್ಮೆ ಹೇಳಿದಳು: ‘ನಿಮ್ಮ ಹೊಲಿಗೆ ಓರೆ ಹೋಗ್ತಾ ಉಂಟು. ಆಚೆ ನೋಡುದು ಬಿಡಿ.’ ನೋಡಿದರೆ ಹೌದು, ಓರೆ ಹೋಗಿತ್ತು.

ಹತ್ತಿರದ ಒಂದು ಯು.ಪಿ., ಅಂದರೆ ಹಿರಿಯ ಪ್ರಾಥಮಿಕ, ಶಾಲೆಯಲ್ಲಿ ಹನ್ನೊಂದು ಮಂದಿ ಟೀಚರರು. ಓಣಂ ರಜೆಗೆ ಹಿಂದಿನ ದಿನ ಶಾಲೆಯಲ್ಲಿ ಪೂಕಳಂ, ಅಂದರೆ ಹೂವಿನ ರಂಗೋಲಿ, ಊಟ, ಕೊನೆಗೆ ಎಲ್ಲರೂ ನಿಂತು ಒಂದು ಫೋಟೊ. ಎಲ್ಲರಿಗೂ ಚಿನ್ನದ ಅಂಚಿನ ಬಿಳಿ ಕೇರಳ ಸೀರೆ, ಒಂದೇ ಬಣ್ಣದ, ಒಂದೇ ಮಾಡೆಲಿನ ರವಿಕೆ. 2014ರಿಂದ ಆ ಹನ್ನೊಂದು ರವಿಕೆ ನನ್ನದೇ. ಅದು ದೊಡ್ಡ ಆರ್ಡರ್ ಎಂದಲ್ಲ, ಆ ಫೋಟೊ ಊರಿಡೀ ಮೊಬೈಲಿನಲ್ಲಿ ಓಡಾಡುತ್ತದೆ. ಅದು ನೋಡಿಯೇ ಚೌತಿಗೆ, ದೀಪಾವಳಿಗೆ, ಕ್ರಿಸ್‌ಮಸ್ಸಿಗೆ ಜನ ಬರುವುದು.

2023ರ ಆಗಸ್ಟ್ ತಿಂಗಳಲ್ಲಿ ಆ ಶಾಲೆಯ ವಸಂತಿ ಟೀಚರ್ ಹನ್ನೊಂದು ಮೀಟರ್ ಹಸಿರು ಬಟ್ಟೆ ತಂದು ಮೇಜಿನ ಮೇಲಿಟ್ಟರು. ಒಬ್ಬೊಬ್ಬರಿಗೆ ಒಂದು ಮೀಟರ್. ಮೊಬೈಲಿನಲ್ಲಿ ಮಾಡೆಲ್ ತೋರಿಸಿದರು: ಬೋಟ್ ನೆಕ್, ಪಫ್ ತೋಳು.

‘ಅಣ್ಣ, ಬೇಜಾರು ಮಾಡ್ಬೇಡಿ. ಈ ಸಲ ಆರು ನಿಮಗೆ. ಐದು ಮಂದಿ ಶೈಲಜನಲ್ಲಿ ಕೊಡ್ತಾರಂತೆ. ಬಟ್ಟೆ ನೀವೇ ಪಾಲು ಮಾಡಿ ಆಚೆ ಕಳಿಸಿ, ಆಯ್ತಾ?’

‘ಯಾರೆಲ್ಲ ಐದು?’

ಅವರು ಹೆಸರು ಹೇಳಿದರು. ನಾಲ್ಕನೆಯದು ಜಯಂತಿ ಟೀಚರ್.

ಜಯಂತಿ ಟೀಚರಿಗೆ ಕೆಲಸ ಸಿಕ್ಕಿದ ದಿನದಿಂದ ಹೊಲಿದವನು ನಾನು. ಥೈರಾಯ್ಡ್ ತೊಂದರೆಯಾದ ಮೇಲೆ ಅವರ ಮೈ ಬಂದಿತ್ತು, ಮುಖ್ಯವಾಗಿ ತೋಳು. ‘ಕೈ ಬಿಗಿ ಆಗ್ತದೆ ಅಣ್ಣ’ ಎಂದಾಗಲೆಲ್ಲ ಅದೇ ಹಳೆಯ ಅಳತೆ ರವಿಕೆಗೆ ಅರ್ಧ ಇಂಚು ಸೇರಿಸಿ ಹೊಲಿಯುತ್ತಿದ್ದೆ. ಫೋಟೊದಲ್ಲಿ ಅವರು ಪ್ರತಿ ವರ್ಷ ಹಿಂದಿನ ಸಾಲಿನಲ್ಲಿ, ಸೆರಗನ್ನು ಎರಡೂ ಹೆಗಲಿಗೆ ಹೊದ್ದು, ತೋಳು ಮುಚ್ಚಿ ನಿಲ್ಲುತ್ತಿದ್ದರು. ನಾನು ಅದನ್ನು ಕಂಡಿದ್ದೆ. ನಾಚಿಕೆಯ ಸ್ವಭಾವ ಎಂದುಕೊಂಡಿದ್ದೆ. ಅವರೂ ಹೋಗುತ್ತಾರೆ ಎಂದಾಗ ನನ್ನೊಳಗೆ ಏನೋ ಕೆಟ್ಟುಹೋಯಿತು.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಸಾಮಾನ್ಯ ಮೈಕಟ್ಟಿಗೆ ಎಂಬತ್ತು ಸೆಂಟಿಮೀಟರ್ ಬಟ್ಟೆ ಸಾಕು. ಆದರೆ ದಪ್ಪ ತೋಳಿಗೆ ಪಫ್ ಹಿಡಿಯಬೇಕಾದರೆ ಒಂದು ಮೀಟರ್ ಬೇಕೇ ಬೇಕು. ಅದಕ್ಕೆಂದೇ ಟೀಚರರು ತಲೆಗೊಂದು ಮೀಟರ್ ತಂದದ್ದು. ನಾನು ಐದು ತುಂಡನ್ನೂ ಎಂಬತ್ತಕ್ಕೆ ಕತ್ತರಿಸಿದೆ. ನನ್ನ ಆರು ರವಿಕೆಗೆ ಆರು ಮೀಟರ್ ಇಟ್ಟು, ಉಳಿದ ಒಂದು ಮೀಟರನ್ನು ಮೇಜಿನ ಕೆಳಗಿನ ಡಬ್ಬಿಗೆ ಹಾಕಿದೆ. ಜಯಂತಿ ಟೀಚರ ರವಿಕೆಯ ತೋಳು ಕೆಡಬೇಕು, ಆ ಫೋಟೊ ಊರೆಲ್ಲ ನೋಡಬೇಕು ಎನ್ನುವುದೇ ನನ್ನ ಆಸೆಯಾಗಿತ್ತು.

ಲಲಿತ ನೋಡಿದಳು. ‘ಎಂತ ಇದು? ಸಣ್ಣ ಆಯ್ತಲ್ಲ?’

‘ಸಾಕು. ಡಿಪ್ಲೊಮಾ ಮಾಡಿದವಳಲ್ಲವಾ, ಅಷ್ಟರಲ್ಲೇ ಹೊಲಿಯಲಿ.’

‘ಹಾಗಾದ್ರೆ ನೀವೇ ಕೊಟ್ಟು ಬನ್ನಿ. ನಾನು ತಕ್ಕೊಂಡು ಹೋಗುವುದಿಲ್ಲ.’

ಕೊಟ್ಟು ಬಂದೆ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಶೈಲಜ ರಸ್ತೆ ದಾಟಿ ಬಂದಳು. ನನ್ನ ಅಂಗಡಿಗೆ ಆಕೆ ಕಾಲಿಟ್ಟದ್ದು ಅದೇ ಮೊದಲು.

‘ಐತಪ್ಪಣ್ಣ, ತುಂಡೆಲ್ಲ ಎಂಬತ್ತೇ ಉಂಟಲ್ಲ?’

‘ಅಂಗಡಿಯವ ಕೊಟ್ಟದ್ದೇ ಅಷ್ಟು. ನಾನೆಂತ ಮಾಡ್ಲಿ?’

ಆಕೆಯ ಕಣ್ಣು ಮೇಜಿನ ಮೇಲಿದ್ದ ನನ್ನ ತುಂಡುಗಳ ಮೇಲೆ ಹೋಯಿತು. ಹೊಲಿಗೆಯವರ ಕಣ್ಣಿಗೆ ಟೇಪು ಬೇಡ. ‘ಆಗ್ಲಿ, ನಾನು ನೋಡ್ತೇನೆ,’ ಎಂದು ಹೋದಳು. ಜಗಳಕ್ಕೆ ಬರುತ್ತಾಳೆಂದು ಮಾತು ಕೂಡಿಸಿ ಇಟ್ಟಿದ್ದೆ, ಅದೆಲ್ಲ ಹಾಗೆಯೇ ಉಳಿಯಿತು.

ನನ್ನ ಆರು ರವಿಕೆಗಳನ್ನು ಜೀವ ಕೊಟ್ಟು ಹೊಲಿದೆ. ಮಾಡೆಲ್ ಇದ್ದ ಹಾಗೆ, ನೆರಿಗೆ ಎಣಿಸಿ ಹಿಡಿದೆ. ಓಣಂ ಆಚರಣೆಯ ದಿನ ಬೆಳಿಗ್ಗೆ ವಸಂತಿ ಟೀಚರ ರವಿಕೆಯ ಹುಕ್ಕೊಂದು ಸರಿಮಾಡಿ ಕೊಡಲಿಕ್ಕೆ ಇತ್ತು. ಲಲಿತಳ ಕೈಯಲ್ಲಿ ಕಳಿಸಬಹುದಿತ್ತು. ನಾನೇ ಸ್ಕೂಟರಿನಲ್ಲಿ ಹೋದೆ. ಯಾಕೆಂದು ಹೇಳಬೇಕಾಗಿಲ್ಲ.

ಅಂಗಳದಲ್ಲಿ ಪೂಕಳಂ ಮುಗಿದಿತ್ತು, ಟೀಚರರು ಫೋಟೊಕ್ಕೆ ಕೂಡುತ್ತಿದ್ದರು. ನನ್ನ ರವಿಕೆ ಹಾಕಿದ ಐವರನ್ನು ದೂರದಿಂದಲೇ ಗುರುತಿಸಿದೆ. ಹೊಲಿಗೆಯಲ್ಲಿ ಒಂದು ದೋಷ ಇಲ್ಲ. ಆದರೆ ಗಿಡ್ಡ ಕುತ್ತಿಗೆಯವರಿಗೆ ಕುತ್ತಿಗೆಯೇ ಇರಲಿಲ್ಲ, ಅಗಲ ಭುಜದವರು ಬಾಗಿಲಿನಷ್ಟು ಅಗಲ ಕಾಣುತ್ತಿದ್ದರು. ನನಗೆ ಮೊದಲೇ ಗೊತ್ತಿದ್ದದ್ದೇ. ವಸಂತಿ ಟೀಚರ್ ರವಿಕೆ ಹಾಕಿ ಬಂದು ಎರಡೂ ಪಫ್ ಒತ್ತಿಕೊಂಡರು. ‘ಎಂತ ಮಾರಾಯ್ರೆ, ಎರಡು ಕಡೆ ಎರಡು ಬಲೂನ್ ಕಟ್ಟಿದ ಹಾಗೆ ಉಂಟಲ್ಲ! ಹಾರಿ ಹೋಗ್ತೇನಾ ಹೇಗೆ?’ ಎಲ್ಲರೂ ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ.

ಜಯಂತಿ ಟೀಚರ್ ಎಲ್ಲಿ ಎಂದು ಹಿಂದಿನ ಸಾಲಿನಲ್ಲಿ ಹುಡುಕಿದೆ. ಅಲ್ಲಿರಲಿಲ್ಲ. ಎದುರಿನ ಸಾಲಿನ ನಡುವೆ ನಿಂತಿದ್ದರು. ಸೆರಗನ್ನು ಸಪೂರ ಮಡಿಕೆ ಮಾಡಿ ಒಂದೇ ಹೆಗಲಿಗೆ ಪಿನ್ ಹಾಕಿದ್ದರು. ತೋಳು ತೆರೆದಿತ್ತು. ಪಫ್ ಇರಲಿಲ್ಲ. ಮೊಣಕೈವರೆಗೆ ನೇರ ತೋಳು. ಬಟ್ಟೆ ಸಾಲದ ಕಡೆ ಒಳಬದಿಯಲ್ಲಿ ಉದ್ದುದ್ದಕ್ಕೆ ಒಂದು ಪಟ್ಟಿ ಸೇರಿಸಿ, ತುದಿಗೆ ಸಪೂರ ಚಿನ್ನದ ಅಂಚು. ಕತ್ತು ಎದುರು ಸ್ವಲ್ಪ ಇಳಿದಿತ್ತು. ಎಷ್ಟೋ ವರ್ಷ ನನ್ನ ಕಣ್ಣೊಳಗೆ ಇದ್ದ ರವಿಕೆ ಅದು. ಹೊಲಿದವಳು ಆಕೆ.

‘ಎಂತ ಟೀಚರ್, ಈ ಸಲ ಎದುರು?’ ಎಂದು ಯಾರೋ ಕೇಳಿದರು.

‘ಯಾಕೆ, ನನಗೆ ಎದುರು ನಿಲ್ಲಲಿಕ್ಕೆ ಆಗುದಿಲ್ವಾ?’ ಎಂದರು ಅವರು. ಆಮೇಲೆ ನನ್ನನ್ನು ಕಂಡು ಹತ್ತಿರ ಬಂದರು. ‘ಬಟ್ಟೆ ಅಂಗಡಿಯವ ಕಡಿಮೆ ಕೊಟ್ಟನಂತೆ ಅಣ್ಣ. ಶೈಲಜ ಹೇಳಿದಳು. ಒಳ್ಳೆಯದೇ ಆಯ್ತು ನೋಡಿ.’

ನನ್ನ ಸುಳ್ಳನ್ನೇ ಆಕೆ ಹೇಳಿದ್ದಳು. ನನ್ನ ಹೆಸರು ಹೇಳಿದ್ದರೆ ಜಗಳ ಮಾಡಿ ಹಗುರಾಗುತ್ತಿದ್ದೆ. ಆ ದಾರಿಯನ್ನೂ ಆಕೆ ನನಗೆ ಉಳಿಸಲಿಲ್ಲ. ಊಟಕ್ಕೆ ನಿಲ್ಲಿ ಎಂದರು, ನಿಲ್ಲಲಿಲ್ಲ.

ಅಂಗಡಿಗೆ ಬಂದು ಡಬ್ಬಿಯಿಂದ ಆ ಒಂದು ಮೀಟರ್ ತೆಗೆದೆ. ಲಲಿತ ಒಂದು ಕವರು ಕೊಟ್ಟಳು. ರಸ್ತೆ ದಾಟಿ ಹೋಗಿ ಶೈಲಜಳ ಮೇಜಿನ ಮೇಲಿಟ್ಟೆ. ‘ಇದು ಉಳಿದದ್ದು.’

‘ಗೊತ್ತುಂಟು ಅಣ್ಣ. ಆ ದಿನವೇ ಗೊತ್ತಾಗಿತ್ತು.’

‘ಮತ್ತೆ ಯಾಕೆ ಕೇಳ್ಲಿಲ್ಲ?’

‘ಕೇಳಿದ್ರೆ ನೀವು ಕೊಡ್ತಿದ್ರಿ. ಬಟ್ಟೆ ಬಂದ್ರೆ ಪಫ್ ಇಡ್ಬೇಕಿತ್ತು. ಆ ಕೈಗೆ ಪಫ್ ಬೇಡ ಟೀಚರ್ ಅಂತ ನಾನು ಹೇಳಿಯಾಗಿತ್ತು. ಎಲ್ಲರದ್ದೂ ಒಂದೇ ಮಾಡೆಲ್, ನಾನೊಬ್ಬಳೇ ಬೇರೆ ಆದ್ರೆ ಹೇಗೆ ಅಂತ ಹೇಳಿ ಅವರು ಒಪ್ಲೇ ಇಲ್ಲ. ಬಟ್ಟೆ ಸಾಲುದಿಲ್ಲ ಅಂದಾಗ ಒಪ್ಪಿದ್ರು. ನಿಮ್ಮಿಂದ ನನಗೆ ಉಪಕಾರವೇ ಆಯ್ತು.’

ಆಕೆ ಕುಟುಕಲಿಕ್ಕೆ ಹೇಳಿದಳೋ ನಿಜವಾಗಿ ಹೇಳಿದಳೋ ನನಗೆ ಇವತ್ತಿಗೂ ತಿಳಿಯದು. ನಾನು ಕೆಡಿಸಲಿಕ್ಕೆಂದು ಮಾಡಿದ್ದರಿಂದ ಆಕೆಯ ಕೆಲಸ ಚೆಂದವಾಯಿತು ಎನ್ನುವುದು ಮಾತ್ರ ತಿಳಿಯಿತು. ಹೊಟ್ಟೆಕಿಚ್ಚಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇಲ್ಲ.

ಅದಾದ ಮೇಲೆ ನಾನು ಮೊದಲು ಮಾಡಿದ್ದು ಒಂದು ದೊಡ್ಡ ಕನ್ನಡಿ ತಂದದ್ದು. ಎರಡನೆಯದು, ಲಲಿತಳ ಕೈಗೆ ಟೇಪು ಕೊಟ್ಟದ್ದು. ಈಗ ಪರದೆಯ ಹಿಂದೆ ಅವಳು ಅಳೆಯುತ್ತಾಳೆ, ನಾನು ಈಚೆ ಕೂತು ಬರೆದುಕೊಳ್ಳುತ್ತೇನೆ. ಯಾರಿಗೆ ಏನು ಒಪ್ಪುತ್ತದೆ ಎಂದು ನಾನು ಅವಳಿಗೆ ಹೇಳುತ್ತೇನೆ, ಅವಳು ಅವರಿಗೆ ಹೇಳುತ್ತಾಳೆ. ಮೊದಮೊದಲು ನನ್ನ ಮಾತನ್ನು ಹಾಗೆಯೇ ಹೇಳಿ ಇಬ್ಬರನ್ನು ಓಡಿಸಿದಳು. ಈಗ ಶೈಲಜಳಷ್ಟೇ ಚೆಂದ ಹೇಳುತ್ತಾಳೆ ಎಂದು ಬರೆಯಬೇಕೆನಿಸುತ್ತದೆ. ಅಷ್ಟಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇದು: ಅಳತೆ ರವಿಕೆ ಹೇಳುವುದು ಮೈ ಹಿಂದೆ ಹೇಗಿತ್ತೆಂದು ಮಾತ್ರ. ಎದುರು ನಿಂತವರ ಮೈ ಇವತ್ತಿನದು. ಅದನ್ನು ಕಂಡೂ ಹೇಳದ ಕಣ್ಣು ಎಷ್ಟು ಚುರುಕಿದ್ದರೂ ಹೊಲಿಸಿಕೊಳ್ಳುವವರಿಗೆ ಪ್ರಯೋಜನವಿಲ್ಲ. ಕಂಡದ್ದನ್ನು ಸುಮ್ಮನೆ ಒಳಗಿಟ್ಟುಕೊಂಡು, ಬೇರೆಯವರು ಹೇಳಿದಾಗ ಉರಿದುಕೊಂಡದ್ದು ನನ್ನ ತಪ್ಪು. ಉರಿ ಪೂರ್ತಿ ಹೋಗಿದೆ ಎಂದು ಹೇಳುವುದಿಲ್ಲ. ಈಗಲೂ ಆಚೆ ಮೆಟ್ಟಿಲು ಹತ್ತಿದವರ ಲೆಕ್ಕ ಸಂಜೆಗೆ ನನ್ನಲ್ಲಿರುತ್ತದೆ.

ಮರುವರ್ಷದ ಓಣಂಗೆ ಟೀಚರರು ಬಣ್ಣ ಒಂದೇ, ಮಾಡೆಲ್ ಅವರವರಿಗೆ ಒಪ್ಪಿದ್ದು ಎಂದು ನಿಶ್ಚಯಿಸಿದರು. ಅದೇ ಈಗ ರೂಢಿಯಾಗಿದೆ.

ಈಗ ನನ್ನಲ್ಲಿರುವುದು ಒಂದು ಬಾಡಿಗೆ ಕೋಣೆ, ಎರಡು ಹೊಲಿಗೆ ಮಿಷನ್, ಬಟ್ಟೆಯ ತುದಿ ಬಿಚ್ಚದಂತೆ ಹೊಲಿಯುವ ಒಂದು ಓವರ್‌ಲಾಕ್ ಮಿಷನ್, ಮೂರು ಕತ್ತರಿ, ಒಂದು ಕನ್ನಡಿ, ಅಳತೆ ಬರೆದಿಡುವ ಎರಡು ಪುಸ್ತಕ. ಹನ್ನೊಂದು ಟೀಚರರಲ್ಲಿ ನನ್ನ ಗಿರಾಕಿಗಳು ನಾಲ್ವರು. ಜಯಂತಿ ಟೀಚರ್ ಆ ನಾಲ್ವರಲ್ಲಿ ಇಲ್ಲ.