ತೋಡೂರಿನ ಮಕ್ಕಳ ಸೈಕಲ್ ಹಿಂದೆ ಓಡುವ ಶಾಂತಾರಾಮ

ಭಾನುವಾರ. ಈಗಷ್ಟೇ ಬೆಳಕು ಹರಿಯುತ್ತಿದೆ. ಕಾರವಾರದ ದಕ್ಷಿಣಕ್ಕಿರುವ ತೋಡೂರಿನ ನಿರಾಶ್ರಿತರ ಕಾಲೊನಿಯಲ್ಲಿ, ನೀರಿನ ಟಾಂಕಿಯ ಬುಡದಲ್ಲಿ, ಶಾಂತಾರಾಮ ಹರಿಕಂತ್ರ ಸೈಕಲ್ಲುಗಳಿಗೆ ಗಾಳಿ ಹೊಡೆಯುತ್ತಿದ್ದಾರೆ. ಪಂಪಿನ ವಾಶರ್ ಸವೆದು ಅರ್ಧ ಗಾಳಿ ಟಯರಿಗೆ, ಅರ್ಧ ಹೊರಗೆ. ಸೈಕಲ್ಲುಗಳೆಲ್ಲ ಒಂದೇ ಬಣ್ಣದವು, ಎಂಟನೇ ಇಯತ್ತೆಯವರಿಗೆ ಸರ್ಕಾರ ಕೊಟ್ಟವು. ಹತ್ತಲು ಬಂದವರು ಮಾತ್ರ ಅವರ ತಂಗಿ ತಮ್ಮಂದಿರು, ಸೀಟಿನ ಮೇಲೆ ಕೂತರೆ ಪೆಡಲಿಗೆ ಕಾಲು ಮುಟ್ಟದವರು.

"ಕುಂಡೆ ಎತ್ತಿ ಹೊಡಿಯೇ ರೂಪಾ. ಕೂತ್ಕಂಡು ಹೊಡೂಕೆ ಇದೆಂತ ಸೋಫಾನಾ?"

"ನಿಂಗೆ ಹೊಡೂಕೇ ಬರೂದಿಲ್ಲ ಅಜ್ಜಾ, ನಂಗೆ ಕಲಿಸೂಕೆ ಬಂದೆ," ಎನ್ನುತ್ತಾಳೆ ನೆರೆಮನೆಯ ಹತ್ತು ವರ್ಷದ ರೂಪಾ.

ಹುಡುಗಿ ಹೇಳಿದ್ದು ನಿಜ. ಭಾನುವಾರಗಳಂದು ಕಾಲೊನಿಯ ಮಕ್ಕಳನ್ನು ಒಟ್ಟುಹಾಕಿ ಸೈಕಲ್ ಸವಾರಿ ಮಾಡಿಸುವ ಈ ಮನುಷ್ಯನಿಗೆ ಸೈಕಲ್ ಬರುವುದಿಲ್ಲ. ಅವರು ಹಿಂದೆ ಓಡುತ್ತಾರೆ, ಬರಿಗಾಲಿನಲ್ಲಿ, ಹೆಗಲ ಮೇಲೆ ಪಂಪು ಹೊತ್ತುಕೊಂಡು. ವಯಸ್ಸು ಐವತ್ತೈದು ದಾಟಿದೆ.

ಶಾಂತಾರಾಮರದು ದಂಡೆಯಲ್ಲಿ ನಿಂತು ಮೀನಿನ ರಂಪಣಿ ಬಲೆ ಎಳೆಯುವ ಮನೆ. ನೌಕಾನೆಲೆಗೆ ಕಡಲಂಚಿನ ಊರು ಬಿಟ್ಟುಕೊಟ್ಟು ಹೆದ್ದಾರಿಯ ಈಚೆ ಬಂದವರು. ಈಗ ವಾರದ ದಿನಗಳಲ್ಲಿ ಬೇರೆ ಊರಿನವರ ದಂಡೆಗೆ ಹೋಗಿ, ಬೇರೆಯವರ ಬಲೆಗೆ ಕೈ ಹಚ್ಚಿ, ಪಾಲಿಗೆ ಬಂದ ಮೀನು ತರುತ್ತಾರೆ. ಹಾಗೆ ತಂದ ಬಂಗಡೆಯನ್ನು ಒಂದು ದಿನ ರೂಪಾ ಮುಟ್ಟಿ ನೋಡಿ, "ಇದು ತಣ್ಣಗಿಲ್ಲಲ್ಲ ಅಜ್ಜಾ, ಬಂಗಡೆ ಐಸಿನಾಗೇ ಇರೂದಲ್ಲವಾ?" ಎಂದಳಂತೆ.

ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಇದನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ಕಡಲ ಮೀನುಗಾರರಾದ ಹರಿಕಂತ್ರರ ಮಗು ಬಂಗಡೆ ಬದುಕುವುದು ಐಸಿನಲ್ಲಿ ಎಂದುಕೊಂಡಿದೆ. ಕಾರವಾರಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಡಲು ಕಂಡಿದೆಯೇ ಹೊರತು ಕಾಲು ಇಟ್ಟಿಲ್ಲ. ಅವಳೊಬ್ಬಳೇ ಅಲ್ಲ, ಅಲ್ಲಿ ನೆರೆದ ಮಕ್ಕಳಲ್ಲಿ ಹೆಚ್ಚಿನವು ಹಾಗೆಯೇ. "ಬೈಯೂಕೆ ಯಾರನ್ನ ಬೈತ್ರಿ?" ಎನ್ನುತ್ತಾರೆ ಶಾಂತಾರಾಮ. "ಸೈಕಲ್ ಮೂಲೆಗೆ ಬಿದ್ದಿತ್ತು. ಮಕ್ಕಳಿಗೆ ರಜೆ ಇತ್ತು. ಕರ್ಕಂಡು ಹೋಗೂದು ಅಂತ ಮಾಡ್ದೆ."

ಇಷ್ಟು ದಿನ ಕಾಲೊನಿಯ ಓಣಿಗಳಲ್ಲೇ ಸುತ್ತು. ಇವತ್ತು ಮೊದಲ ಸಲ ಹೆದ್ದಾರಿಗಿಳಿದು ಹಾರವಾಡದ ಕಡೆಯ ಮರಳದಂಡೆಗೆ ಹೋಗುವುದು. ಕಾಡಿ ಬೇಡಿ ತಾಯಂದಿರನ್ನು ಒಪ್ಪಿಸಿದ್ದಾರೆ. ಒಪ್ಪಲು ಕೊನೆಯವಳು ರೂಪಾಳ ತಾಯಿ, ಮೀನು ಮಾರುವ ಸುಮಲತಾ. ಇದೊಂದು ಸಲ ಸರಿಯಾಗಿ ಹೋಗಿಬಂದರೆ ಮುಂದಿನ ಸಲಕ್ಕೂ ಕಳಿಸುತ್ತಾರೆ. ಇಲ್ಲದಿದ್ದರೆ ಇಲ್ಲ.

ಹೆದ್ದಾರಿಯ ಅಂಚಿನಲ್ಲಿ ಶಾಂತಾರಾಮ ಮಕ್ಕಳನ್ನು ನಿಲ್ಲಿಸಿ ಒಂದೇ ಮಾತು ಹೇಳುತ್ತಾರೆ. "ಕಡಲ ಬದಿಗೇ ಇರ್ರಿ. ಎಂತದೇ ಆದ್ರೂ ಕಡಲ ಬದಿ ಬಿಡಬ್ಯಾಡಿ."

ತೋಡೂರಿನಿಂದ ಹಾರವಾಡಕ್ಕೆ, ಅಂದರೆ ಅಂಕೋಲೆಯ ಕಡೆ, ಹೊರಟರೆ ಕಡಲು ಇರುವುದು ಬಲಕ್ಕೆ, ಎದುರಿನ ವಾಹನಗಳು ಬರುವ ಬದಿಗೆ. ಲೂನಾದ ಮೇಲೆ ಹಿಂದೆ ಹೊರಟ ನನಗೂ ಇದು ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ಮಕ್ಕಳ ಸಾಲು ರಸ್ತೆ ದಾಟಿ ಬಲಬದಿ ಹಿಡಿದಾಗಿದೆ. ಎದುರಿನ ತಿರುವಿನಲ್ಲಿ ಬಂದರಿಗೆ ಹೊರಟ ಅದಿರಿನ ಲಾರಿ ಬಂದಾಗಿದೆ.

ಬ್ರೇಕಿನ ಸದ್ದು, ಆಮೇಲೆ ಕೆಂಪು ದೂಳು. ದೂಳಿನೊಳಗಿಂದ ಯಾರ ಅಳುವೂ ಕೇಳಿಸುವುದಿಲ್ಲ. ದೂಳು ಇಳಿದ ಮೇಲೆ ಕಂಡದ್ದು, ಲಾರಿಯ ಗಾಲಿಯಡಿ ಅಪ್ಪಚ್ಚಿಯಾದ ಸೈಕಲ್ಲಿನ ಮುಂದಿನ ಚಕ್ರ. ರೂಪಾ ಗಟಾರದ ಮುಳ್ಳುಕಂಟಿಯಲ್ಲಿ ಕೂತಿದ್ದಾಳೆ, ಮೊಣಕಾಲು ತರಚಿದೆ. ಜೀವವಿದೆ. ಉಳಿದ ಮಕ್ಕಳು ಸೈಕಲ್ ಹಿಡಿದುಕೊಂಡು ನಿಂತಲ್ಲೇ ನಿಂತಿವೆ.

ಲಾರಿಯ ಚಾಲಕ ಬಳ್ಳಾರಿ ಕಡೆಯವನು. ಕೆಳಗಿಳಿದು ರಸ್ತೆಯ ಮೇಲೇ ಕುಕ್ಕರಿಸುತ್ತಾನೆ. "ಬ್ರೇಕ್ ಹತ್ತಿದ್ದಕ್ಕ ಉಳೀತ್ರೀ ಯಜಮಾನ್ರ. ನನ್ನ ಮಗಳಷ್ಟ ಐತಿ ಕೂಸು. ಎಡಕ್ಕ ಹೋಗಂತ ಹೇಳಬಾರದೇನ್ರೀ?"

ನಾನೂ ಸಿಟ್ಟು ತಡೆಯದೆ ಅರಚಿದೆ: ಎಡ ಬಲ ಗೊತ್ತಿಲ್ಲದವರು ಮಕ್ಕಳನ್ನು ಯಾಕೆ ಹೊರಡಿಸುತ್ತೀರಿ?

ಶಾಂತಾರಾಮ ರೂಪಾಳ ಮೈಯ ಮುಳ್ಳು ಕೀಳುತ್ತಲೇ ಹೇಳುತ್ತಾರೆ. "ದೋಣಿಯಾಗೆ ಎಡ ಬಲ ಅಂತ ಹೇಳೂದಿಲ್ಲ. ಒಬ್ಬ ಹಿಂಗೆ ಕೂತಿರ್ತಾ, ಒಬ್ಬ ಹಂಗೆ. ಇವನ ಎಡ ಅವನ ಬಲ ಆತದೆ. ಕಡಲ ಬದಿ, ಗುಡ್ಡದ ಬದಿ, ಅಷ್ಟೇ. ಅದೇ ಬಾಯಿಗೆ ಬಂತು." ಕೊನೆಯ ಮುಳ್ಳು ಕಿತ್ತು, "ನಂದೇ ತಪ್ಪು. ಮಕ್ಕಳು ಹೇಳ್ದ ಹಂಗೇ ಮಾಡ್ದವು."

ಸೈಕಲ್ಲಿನಿಂದ ಬಿದ್ದಳು ಎಂದರೆ ಸಾಕು, ಲಾರಿಯ ಮಾತು ಬೇಡ ಎಂದು ಚಾಲಕ ಬುದ್ಧಿ ಹೇಳುತ್ತಾನೆ. ಶಾಂತಾರಾಮ ರೂಪಾಳನ್ನು ಬೆನ್ನಿಗೆ ಹಾಕಿ, ಮುರಿದ ಸೈಕಲ್ಲನ್ನು ಹೆಗಲಿಗೇರಿಸಿ, ಮಕ್ಕಳನ್ನು ನಡೆಸಿಕೊಂಡು ಕಾಲೊನಿಗೆ ತಿರುಗುತ್ತಾರೆ. ಮನೆ ಮನೆಯ ಬಾಗಿಲಿಗೆ ಹೋಗಿ, ಮಕ್ಕಳು ಬಾಯಿ ಬಿಡುವ ಮೊದಲೇ ನಡೆದದ್ದನ್ನು ತಾವೇ ಹೇಳುತ್ತಾರೆ. ನಾನು ಬೀದಿಯಲ್ಲಿ ನಿಂತು ಕೇಳಿದೆ. ಸಾವಿನ ಬಾಯಿಯ ತನಕ ಮಗುವನ್ನು ಕರೆದುಕೊಂಡು ಹೋಗಿದ್ದೆ ಎಂದು ಅದರ ತಾಯಿಗೆ ನೇರವಾಗಿ ಹೇಳುವವರನ್ನು ನಾನು ಇದುವರೆಗೆ ಕಂಡಿರಲಿಲ್ಲ.

ಸುಮಲತಾ ಬುಟ್ಟಿಯನ್ನು ನೆಲಕ್ಕೆ ಕುಕ್ಕುತ್ತಾಳೆ. "ನಮ್ಮ ಮಕ್ಕಳು ಕಡಲು ಕಾಣದೇ ಸಾಯೂದಿಲ್ಲ ಮಾವಾ. ನಿಂಗೆ ತೆವಲು ಇದ್ರೆ ನೀ ಹೋಗಿ ಮುಳುಗು. ದಿನಾ ಬುಟ್ಟಿ ಹೊತ್ಕಂಡು ಆ ಲಾರಿಗಳ ಬದಿಗೆ ನಡಿಯೂದು ನಾನು. ಯಾವ ಬದಿ ಹಿಡಿಯೂದು ಅಂತ ನನ್ನನ್ನ ಕೇಳೂಕಾಗಿಲ್ಲವಾ?" ಅದಕ್ಕೂ ಮುಂದೆ ಅವಳು ಅಂದದ್ದನ್ನು ಪತ್ರಿಕೆಯಲ್ಲಿ ಬರೆಯುವಂತಿಲ್ಲ. ಶಾಂತಾರಾಮ ತಲೆ ತಗ್ಗಿಸಿ ಪೂರ್ತಿ ಕೇಳುತ್ತಾರೆ. ಅವಳು ಮುಗಿಸಿದ ಮೇಲೆಯೇ ಮುಂದಿನ ಮನೆಗೆ ಹೋಗುತ್ತಾರೆ.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಂದಿನ ಭಾನುವಾರ ಹೋದದ್ದು, ಅವರ ಬಗ್ಗೆ ಎರಡು ಮಾತು ಕೇಳಿ ಬರೆದು ಮುಗಿಸೋಣ ಎಂದು.

ಟಾಂಕಿಯ ಬುಡದಲ್ಲಿ ಮಕ್ಕಳಿವೆ. ಮೊದಲಿನಷ್ಟಿಲ್ಲ, ಆದರೆ ಇವೆ. ಮುಂದೆ ಸೆರಗು ಸೊಂಟಕ್ಕೆ ಕಟ್ಟಿ ನಿಂತವಳು ಸುಮಲತಾ. ರೂಪಾ ಯಾರದೋ ಸೈಕಲ್ಲಿನ ಕ್ಯಾರಿಯರ್ ಮೇಲೆ.

"ನಾ ಮುಂದೆ ನಡೀತೆ, ಮಾವ ಹಿಂದೆ ಇರ್ಲಿ," ಎಂದಳು ಸುಮಲತಾ, ನಾನು ಕೇಳುವ ಮೊದಲೇ. "ಹೋಗೂವಾಗ ಗುಡ್ಡದ ಬದಿ, ಬರೂವಾಗ ಕಡಲ ಬದಿ. ತಿರುವು ಬಂದ್ರೆ ಎಲ್ಲಾ ಇಳ್ದು ತಳ್ಳೂದು. ನನ್ನ ಮುಂದೆ ಹೋದವ್ರ ಕಾಲು ಮುರೀತೆ."

ಹಾಗೆಯೇ ಹೋದರು. ನಡೆಯುವವಳ ಹಿಂದೆ ಸೈಕಲ್ಲುಗಳು ತೆವಳುತ್ತ, ಲಾರಿಗಳು ಹಾರ್ನು ಬಾರಿಸುತ್ತ, ದಂಡೆ ಮುಟ್ಟುವಾಗ ಬಿಸಿಲೇರಿತ್ತು. ಮಕ್ಕಳು ಸೈಕಲ್ಲುಗಳನ್ನು ಮರಳ ಮೇಲೆ ಕೆಡವಿ ನೀರಿಗೆ ಓಡಿದವು. ರೂಪಾ ಅಲೆ ಕಂಡು ಹಿಂದಕ್ಕೆ ಓಡಿ ಬಂದಳು, ತಾಯಿ ಹಿಡಿದು ಮತ್ತೆ ಅಲ್ಲಿಗೇ ದೂಡಿದಳು.

ಶಾಂತಾರಾಮ ಒದ್ದೆ ಮರಳಿನಲ್ಲಿ ಕೂತು ಏದುಸಿರು ಬಿಡುತ್ತಿದ್ದರು. ಆವತ್ತು ಅಷ್ಟು ಬೈಸಿಕೊಂಡ ಮೇಲೂ ಗಾಳಿ ಹೊಡೆಯಲು ಹೇಗೆ ಬಂದಿರಿ ಎಂದೆ.

"ಎರಡು ಮನೆಯವ್ರು ಎಂತದೂ ಹೇಳದೇ ಬಾಗ್ಲು ಹಾಕ್ಕಂಡ್ರು," ಎಂದರು. "ಆ ಮಕ್ಕಳು ಇವತ್ತು ಬರ್ಲಿಲ್ಲ. ಇವಳು ಬೈದ್ಲು, ಬಂದ್ಲು. ಆ ಎರಡು ಮನೆಯವ್ರೂ ಒಂದ್ಸಲ ನನ್ನ ಹೊಟ್ಟೆ ತುಂಬ ಬೈದು ಬಿಟ್ರೆ ಸಾಕಿತ್ತು."