ಕಬ್ಬಿಣ ಬೇರೆ, ಸುಣ್ಣ ಬೇರೆ

ಬಸುರಿಯರಿಗೆ ಗುಳಿಗೆ ನುಂಗಿಸುವುದು ನನ್ನ ಕೆಲಸ. ಬೆಳ್ಳಟ್ಟಿಯ ಓಣಿಗಳಲ್ಲಿ ನರ್ಸಾಗಿ ಹನ್ನೆರಡು ವರ್ಷದಿಂದ ಅಡ್ಡಾಡುತ್ತಿದ್ದೇನೆ. ಕಬ್ಬಿಣದ ಗುಳಿಗೆ ಕೊಟ್ಟರೆ ಕೆಲವರು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿ ಹಿತ್ತಲಿಗೆ ಎಸೆಯುತ್ತಾರೆ. ಹಾಗಾಗಿ ಹೋದಾಗಲೆಲ್ಲ ಒಂದನ್ನು ಎದುರಿಗೇ ನುಂಗಿಸಿ, ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದೆ. ಇಂಥ ನಾನೇ ನನ್ನ ಗುಳಿಗೆಗಳನ್ನು ಒಂದೊಂದಾಗಿ ಬಿಟ್ಟುಬಿಟ್ಟೆ.

ಮೂರು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡೆ. ಸಕ್ಕರೆ ಕಾಯಿಲೆ ಯಾವ ಮಾತ್ರೆಗೂ ಬಗ್ಗುತ್ತಿರಲಿಲ್ಲ, ಮೊಣಕಾಲು ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. ಜಠರವನ್ನು ಸಣ್ಣ ಚೀಲದಷ್ಟು ಮಾಡಿ ಕರುಳಿಗೆ ಬೇರೆ ದಾರಿಯಲ್ಲಿ ಜೋಡಿಸಿದರು. ಆಮೇಲೆ ಊಟದ ಸತ್ವ ಮೈಗೆ ಪೂರ್ತಿ ಹತ್ತುವುದಿಲ್ಲ. ಮನೆಗೆ ಕಳಿಸುವ ದಿನ ಅಲ್ಲಿನ ಆಹಾರತಜ್ಞೆ ಗುಳಿಗೆಗಳ ಪಟ್ಟಿ ಬರೆದ ಒಂದು ಚೀಟಿ ಕೊಟ್ಟು, “ಇವು ಜೀವನಪೂರ್ತಿ ರೀ ಅಕ್ಕಾರ. ಕಬ್ಬಿಣ ಒಂದು ಹೊತ್ತಿಗೆ, ಕ್ಯಾಲ್ಸಿಯಂ, ಅಂದ್ರ ಸುಣ್ಣ, ಇನ್ನೊಂದು ಹೊತ್ತಿಗೆ. ನಡುವ ಎರಡು ತಾಸರ ಬಿಡ್ರಿ” ಅಂದಳು.

“ನಾನೂ ನರ್ಸ್ ಅದೀನವಾ” ಎಂದು ನಕ್ಕು ಚೀಟಿ ಮಡಚಿ ಪರ್ಸಿಗೆ ಹಾಕಿದೆ.

ಮೊದಲ ವರ್ಷ ಬಿಡದೆ ನುಂಗಿದೆ. ಆಮೇಲೆ ಬೇಸರ ಬಂತು. ಅರ್ಧ ರೊಟ್ಟಿಗೇ ತುಂಬುವ ಹೊಟ್ಟೆ. ಊಟದ ಜೊತೆ ನೀರು ಕುಡಿಯುವಂತಿಲ್ಲ. ಇದರ ನಡುವೆ ಗುಳಿಗೆ ಎದೆಯಲ್ಲಿ ಹರಳಿನ ಹಾಗೆ ಕೂರುತ್ತಿತ್ತು. ಚೀಟಿಯಲ್ಲಿದ್ದದ್ದು ಶಿರಹಟ್ಟಿಯಲ್ಲಿ ಸಿಗದೆ ಪ್ರತಿ ಸಲ ಗದಗಿಗೆ ಹೋಗಬೇಕಿತ್ತು. ಕೂದಲು ಉದುರುತ್ತದೆಂದು ಮುಂಡರಗಿಯ ಅಕ್ಕ ಬಣ್ಣಬಣ್ಣದ ಜೆಲ್ಲಿ ವಿಟಮಿನ್ ಡಬ್ಬಿ ಕೊಟ್ಟಳು. ಸಿಹಿಯಾಗಿತ್ತು, ಅದನ್ನೇ ತಿಂದೆ. ಕಡೆಗೆ ನನಗೆ ನಾನೇ ಒಂದು ಲೆಕ್ಕ ಹೇಳಿಕೊಂಡೆ: ಬಸುರಿಯರಿಗೆ ಸಾಲುವ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಗುಳಿಗೆ ನನಗೆ ಸಾಲದೇ? ಅಂಗಡಿಯಿಂದ ಅದೊಂದನ್ನು ತಂದು ಉಳಿದದ್ದೆಲ್ಲ ನಿಲ್ಲಿಸಿದೆ. ಆಗಾಗ ಬೆರಳು ಚುಚ್ಚಿ ನನ್ನ ರಕ್ತ ನಾನೇ ನೋಡಿಕೊಳ್ಳುತ್ತಿದ್ದೆ. ಹಿಮೋಗ್ಲೋಬಿನ್ ಚೆನ್ನಾಗಿತ್ತು. ಆ ಒಂದು ಅಂಕಿಯನ್ನು ಪೂರ್ತಿ ನಂಬಿದೆ.

ಆದರೆ ದಣಿವು ಬಿಡಲಿಲ್ಲ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಯಾರದಾದರೂ ಕಟ್ಟೆ ಸಿಕ್ಕರೆ ಸಾಕು, ಕೂತುಬಿಡುತ್ತಿದ್ದೆ. ಪಾದಕ್ಕೆ ಸದಾ ಜೋಮು. ಹಳೆಯ ಸಕ್ಕರೆ ಕಾಯಿಲೆಯ ಉಳಿಕೆ ಅಂದುಕೊಂಡೆ.

ಹೋದ ಬೇಸಿಗೆಯಲ್ಲಿ ಎರಡನೆಯ ಬಸಿರಿನ ಒಬ್ಬಳ ಮನೆಗೆ ಹೋದೆ. ಅವಳು ನಾಲ್ಕು ದಿನ ನುಂಗಿ ಗುಳಿಗೆ ಬಿಟ್ಟುಬಿಟ್ಟಿದ್ದಳು. “ನುಂಗಿದ್ರ ವಾಂತಿ ಬರ್ತೈತ್ರೀ” ಅಂದಳು. ಅವಳಿಗೂ ಅವಳ ಅತ್ತೆಗೂ ಚೆನ್ನಾಗಿ ಬೈದು ಹೊರಬಿದ್ದೆ. ಓಣಿ ತಿರುಗುವಷ್ಟರಲ್ಲಿ ಹಿಂದಿನಿಂದ ಆ ಅತ್ತೆ ಏದುತ್ತ ಓಡಿ ಬಂದಳು. ಕೈಯಲ್ಲಿ ನನ್ನ ಒಂದು ಚಪ್ಪಲಿ.

“ನಿಲ್ರಿ ಅಕ್ಕಾರ! ಒಂದ ಕಾಲಿಗೆ ಮೆಟ್ಟಿಕೊಂಡು ಹೊಂಟೀರಲ್ಲ!”

ಕೆಳಗೆ ನೋಡಿದೆ. ಕಾದ ನೆಲದ ಮೇಲೆ ಬರಿಗಾಲು. ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದು ರಕ್ತ ಬರುತ್ತಿತ್ತು. ನನಗೆ ಯಾವುದೂ ಗೊತ್ತೇ ಆಗಿರಲಿಲ್ಲ. ಅವಳು ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ, ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಮುಳ್ಳು ಎಬ್ಬಿಸತೊಡಗಿದಳು.

“ನೋಯಾಕತ್ತೈತೇನ್ರಿ?”

“ಇಲ್ಲ.”

ಪಿನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು. “ಖರೆ ಹೇಳ್ರಿ. ನಿಮಗೇನಾಗೇತಿ?”

ಮನೆಮನೆಯಲ್ಲಿ ನಾನು ಕೇಳುವ ಪ್ರಶ್ನೆ ಅದು. ಮರುದಿನವೇ ಹುಬ್ಬಳ್ಳಿಯ ಬಸ್ಸು ಹತ್ತಿದೆ.

ಹುಬ್ಬಳ್ಳಿಯಲ್ಲಿ ಡಾಕ್ಟರು ಕಂಪಿಸುವ ಕಬ್ಬಿಣದ ಕವೆಯೊಂದನ್ನು ಕಾಲ್ಬೆರಳಿಗೆ ಇಟ್ಟು, “ಜುಮ್ ಅಂತೈತೇನು?” ಎಂದು ಕೇಳಿದರು. ಅನ್ನುತ್ತಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ನರಗಳಿಗೆ ಬೇಕಾದ ವಿಟಮಿನ್ ಬಿ ಹನ್ನೆರಡು ತಳ ಮುಟ್ಟಿತ್ತು. “ನೀವು ನುಂಗಿದ ಫೋಲಿಕ್ ಆಸಿಡ್ ರಕ್ತ ಚಲೋ ಕಾಣೋ ಹಂಗ ಮಾಡೇತಿ. ಒಳಗ ನರ ಒಣಗ್ಯಾವ” ಅಂದರು. ಫೈಲಿನಲ್ಲಿ ನನ್ನ ಉದ್ಯೋಗ ಬರೆದ ಕಡೆ ಕಣ್ಣಾಡಿಸಿ ಇಂಜೆಕ್ಷನ್ ಬರೆದುಕೊಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು.

ಇಂಜೆಕ್ಷನ್ ಶುರುವಾದವು. ಉಳಿದ ಗುಳಿಗೆಗಳನ್ನು ಹೊಸದಾಗಿ ಆರಿಸಬೇಕಿತ್ತು. ಗದಗಿನ ಔಷಧಿ ಅಂಗಡಿಯಲ್ಲಿ ಆಹಾರತಜ್ಞೆಯ ಹಳೆಯ ಚೀಟಿ ಹಿಡಿದು ನಿಂತೆ. ವಯಸ್ಸಾದ ಅಂಗಡಿಯವರು ಡಬ್ಬಿ ಮೇಲೆ ಡಬ್ಬಿ ಇಟ್ಟರು. ಒಂದರಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಎರಡೂ ಒಂದೇ ಗುಳಿಗೆಯಲ್ಲಿ. ಇನ್ನೊಂದರಲ್ಲಿ ಚೀಟಿ ಹೇಳಿದ ಕ್ಯಾಲ್ಸಿಯಂ ಸಿಟ್ರೇಟ್ ಬದಲು ನನ್ನ ಸಣ್ಣ ಜಠರದಲ್ಲಿ ಸರಿಯಾಗಿ ಕರಗದ ಕಾರ್ಬೊನೇಟ್. ಮತ್ತೊಂದರಲ್ಲಿ ಸತು ಇತ್ತು, ಅದರ ಜೊತೆಗೆ ಬೇಕಾದ ತಾಮ್ರ ಇರಲಿಲ್ಲ. ಜೆಲ್ಲಿ ಡಬ್ಬಿಯಲ್ಲಿ ಕಬ್ಬಿಣವೇ ಇಲ್ಲ.

“ಇಷ್ಟ್ಯಾಕ ಓದ್ತೀರಿ? ಎಲ್ಲಾ ಒಂದ ರೀ.”

“ಒಂದಲ್ಲ ರೀ!” ಎಂದೆ. ದನಿ ಜೋರಾಗಿತ್ತು. ಹಿಂದೆ ನಿಂತಿದ್ದವರು ತಿರುಗಿ ನೋಡಿದರು. ಕಣ್ಣು ತುಂಬಿ ಅಕ್ಷರಗಳೇ ಕಾಣದಾದವು.

ಅಂಗಡಿಯವರು ಸ್ಟೂಲು ಎಳೆದು ಕೊಟ್ಟರು. ಕನ್ನಡಕ ಏರಿಸಿ, “ನಾ ಓದ್ತೀನಿ, ನೀವು ಚೀಟಿ ನೋಡ್ರಿ” ಅಂದರು. ಒಂದೊಂದು ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರವನ್ನೂ ತಪ್ಪದೆ ಓದಿದರು, ನಾನು ಗುರುತು ಹಾಕುತ್ತ ಹೋದೆ. ಕಬ್ಬಿಣ, ಕ್ಯಾಲ್ಸಿಯಂ ಸಿಟ್ರೇಟ್, ವಿಟಮಿನ್ ಡಿ ಸಿಕ್ಕವು. ಎಲ್ಲ ಸೇರಿದ ಮಲ್ಟಿವಿಟಮಿನ್ ಮಾತ್ರ ಅವರು ಬೇರೆ ಕಡೆಯಿಂದ ತರಿಸಿಕೊಡಬೇಕಾಯಿತು.

ಮುಂದಿನ ವಾರ ಆ ಬಸುರಿಯ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ನಾನೂ ಬಿಟ್ಟಿದ್ದೆ ಅಂದಾಗ ಅವಳು ನಕ್ಕಳು. ಯಾವ ಹೊತ್ತಿಗೆ ನುಂಗುತ್ತಿದ್ದಿ ಎಂದು ಮೊದಲ ಸಲ ಕೇಳಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಂತೆ. ರಾತ್ರಿ ಊಟವಾದ ಮೇಲೆ ತಗೋ ಅಂದೆ. ವಾಂತಿ ಕಡಿಮೆಯಾಯಿತು. ಅಷ್ಟು ಸಣ್ಣ ಪ್ರಶ್ನೆಯನ್ನು ಇಷ್ಟು ವರ್ಷ ಯಾರಿಗೂ ಕೇಳಿರಲಿಲ್ಲ.

ಈಗ ಹಿಮ್ಮಡಿಗೆ ಸ್ಪರ್ಶ ತಿಳಿಯುತ್ತದೆ. ಕಿರುಬೆರಳುಗಳಿಗೆ ಇನ್ನೂ ಇಲ್ಲ, ಬರುವ ಭರವಸೆಯನ್ನೂ ಡಾಕ್ಟರು ಕೊಟ್ಟಿಲ್ಲ. ದಣಿವು ಕಡಿಮೆಯಾಗಿದೆ, ಹೋಗಿಲ್ಲ. ಗುಳಿಗೆ ಈಗಲೂ ಎದೆಯಲ್ಲಿ ನಿಲ್ಲುತ್ತದೆ.

ಮೊನ್ನೆ ಗಂಡ ಪಕ್ಕದಲ್ಲಿ ಕೂತು ನಾನು ಗುಳಿಗೆ ಬಿಡಿಸುವುದನ್ನು ನೋಡುತ್ತಿದ್ದರು. “ಇನ್ನ ಎಷ್ಟು ದಿನ ಇವು?”

“ಇರೋತನಕ.”

ಖಾಲಿಯಾಗುತ್ತ ಬಂದ ಡಬ್ಬಿ ಎತ್ತಿ ನೋಡಿದರು. “ಹಂಗಾದ್ರ ಈ ಸಲ ದೊಡ್ಡ ಡಬ್ಬಿನ ತರೋಣು” ಅಂದು, ನೀರು ತರಲು ಎದ್ದರು.